ಗುತ್ತಿಗೆ ಹಕ್ಕಿನ ಕಚೇರಿ ಕಟ್ಟಡದಲ್ಲಿ ಹೂಡಿಕೆ: ಉಳಿದ ವರ್ಷಗಳ ಲೆಕ್ಕ

ಕಳೆದ ಹಂಗಾಮಿನ ಒಣದ್ರಾಕ್ಷಿ ಮಾರಾಟ ಮುಗಿದ ಮೇಲೆ ಘೋಣಸಗಿಯ ಹಿರಿಯ ಬೆಳೆಗಾರರೊಬ್ಬರು ನಮ್ಮ ಅಂಗಡಿಗೆ ಬಂದಿದ್ದರು. ಸ್ವಂತ ಬೆಳೆಯ ಜೊತೆಗೆ ಊರವರ ಮಾಲನ್ನೂ ಕೊಂಡು ಸಾಂಗಲಿ, ತಾಸಗಾಂವ ಪೇಟೆಗಳಿಗೆ ಸಾಗಿಸುವ ವ್ಯಾಪಾರ ಅವರದು. ಕೈಯಲ್ಲಿ ನುಣುಪು ಕಾಗದದ ಒಂದು ಮಾಹಿತಿ ಪುಸ್ತಿಕೆ ಇತ್ತು. ದೊಡ್ಡ ನಗರವೊಂದರ ನಡುಪೇಟೆಯಲ್ಲಿರುವ ಹಳೆಯ ಕಚೇರಿ ಕಟ್ಟಡವನ್ನು ನವೀಕರಿಸಿ, ಮಹಡಿಗಳನ್ನು ಸಣ್ಣ ಸಣ್ಣ ಕಚೇರಿಗಳಾಗಿ ವಿಂಗಡಿಸಿ, ಒಂದೊಂದನ್ನೂ ಗುತ್ತಿಗೆ ಹಕ್ಕಿನ ಮೇಲೆ ಹೂಡಿಕೆದಾರರಿಗೆ ವಹಿಸಿಕೊಡುವ ಯೋಜನೆ ಅದು. 30 ಲಕ್ಷ ರೂಪಾಯಿ ತೊಡಗಿಸಿದರೆ ವರ್ಷಕ್ಕೆ ಶೇಕಡಾ 8ರಷ್ಟು ಬಾಡಿಗೆ ಮನೆಬಾಗಿಲಿಗೆ ಬರುವುದೆಂದು ಅದರಲ್ಲಿ ಹೇಳಲಾಗಿತ್ತು. ಪುಟಗಳನ್ನು ತಿರುವಿ ಹಾಕಿ ಅವರು ಕೇಳಿದ್ದು ಒಂದೇ ಮಾತು: "ಸಾವ್ಕಾರ್ರ, ರೊಕ್ಕಾ ಕೊಟ್ಟ ಮ್ಯಾಲೆ ಇದು ನಮ್ಮ ಹೆಸರಿಗೆ ಆಗತೈತೇನ್ರಿ?"

ಈ ಪ್ರಶ್ನೆಗೆ ಆ ಪುಸ್ತಿಕೆಯಲ್ಲಿ ನೇರ ಉತ್ತರವಿರಲಿಲ್ಲ. ಹೊಳೆಯುವ ಗಾಜಿನ ಮುಂಭಾಗ, ಲಿಫ್ಟು, ಸ್ವಾಗತ ಕೊಠಡಿಗಳ ಚಿತ್ರಗಳು ಬೇಕಾದಷ್ಟಿದ್ದವು. ಗುತ್ತಿಗೆಯ ಒಟ್ಟು ಅವಧಿ ಎಷ್ಟು, ಅದರಲ್ಲಿ ಈಗಾಗಲೇ ಕಳೆದುಹೋದದ್ದು ಎಷ್ಟು ಎಂಬುದನ್ನು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕಾಯಿತು. ಅಲ್ಲಿಯೂ ಒಟ್ಟು ಅವಧಿ ಮಾತ್ರ ಸಿಕ್ಕಿತು, ಆರಂಭದ ದಿನಾಂಕ ಸಿಗಲಿಲ್ಲ.

ಇಂತಹ ಪುಸ್ತಿಕೆಗಳು ನಮ್ಮ ಭಾಗಕ್ಕೆ ಬರುತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ. ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ದ್ರಾಕ್ಷಿಯ ಹಣ ವರ್ಷಕ್ಕೊಮ್ಮೆ ಗಂಟಾಗಿ ಬರುತ್ತದೆ. ಬಾರದ ವರ್ಷ ಬರುವುದೇ ಇಲ್ಲ. ಒಂದು ಅಕಾಲಿಕ ಮಳೆ, ಒಂದು ಆಣೆಕಲ್ಲು ಸಾಕು. ಆದ್ದರಿಂದ ಬೆಳೆಯನ್ನು ಅವಲಂಬಿಸದ, ತಿಂಗಳು ತಿಂಗಳು ಕೈಸೇರುವ ಒಂದು ವರಮಾನಕ್ಕಾಗಿ ನಮ್ಮವರು ಹಂಬಲಿಸುವುದು ಸಹಜವಾದದ್ದೇ. ಮಕ್ಕಳು ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದಾರೆ. ಅಲ್ಲೊಂದು ಆಸ್ತಿ ಇರಲಿ ಎಂಬ ಆಸೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಹೂಡಿಕೆ ಮಾಡಲೇಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಗುತ್ತಿಗೆ ಹಕ್ಕನ್ನು ಆಸ್ತಿಯ ಬೆಲೆಗೆ ಕೊಳ್ಳಬಾರದು ಎಂಬುದಷ್ಟೇ ನನ್ನ ವಾದ.

ತೊಡಕಿನ ಮೂಲ 'ಲೀಜ್' ಎಂಬ ಶಬ್ದದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ನಮ್ಮ ವ್ಯಾಪಾರಸ್ಥರಿಗೆ ಎರಡು ಬಗೆಯ ಲೀಜ್ ಚೆನ್ನಾಗಿ ಗೊತ್ತು. ಮೊದಲನೆಯದು ಅಂಗಡಿ ಬಾಡಿಗೆಯ 11 ತಿಂಗಳ ಕರಾರು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಮು ಹಾಗೂ 1908ರ ನೋಂದಣಿ ಕಾಯ್ದೆ ವಿಧಿಸುತ್ತವೆ. ಆ ಖರ್ಚನ್ನು ತಪ್ಪಿಸಲು ನಾವು 11 ತಿಂಗಳಿಗೆ ಬರೆದು, ಇಪ್ಪತ್ತು ವರ್ಷ ಅದೇ ಕಾಗದವನ್ನು ಹೊಸದು ಮಾಡುತ್ತ ಹೋಗುತ್ತೇವೆ. ಅವಧಿ ಎಂಬುದು ಕಾಗದದ ಮಾತು, ನಡೆಯುವುದು ಸಂಬಂಧದ ಮೇಲೆ ಎಂಬ ರೂಢಿ ಇದರಿಂದ ನಮ್ಮಲ್ಲಿ ಬೇರೂರಿದೆ.

ಎರಡನೆಯದು ಗುತ್ತಿಗೆ-ಸಹ-ಮಾರಾಟ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಿವೇಶನ ಪಡೆದ ಉದ್ದಿಮೆದಾರರೂ, ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ನಿವೇಶನ ಪಡೆದ ಅಡತಿ ವ್ಯಾಪಾರಸ್ಥರೂ ಇದನ್ನು ಬಲ್ಲರು. ನಿಗದಿತ ವರ್ಷ ಕರಾರಿನಂತೆ ನಡೆದುಕೊಂಡು, ಕಟ್ಟಡ ಕಟ್ಟಿ, ಬಾಕಿ ತೀರಿಸಿದರೆ ಕೊನೆಗೆ ಖರೀದಿ ಪತ್ರ ಕೈಗೆ ಬರುತ್ತದೆ. ಅಲ್ಲಿ ಗುತ್ತಿಗೆಯು ಒಡೆತನಕ್ಕೆ ಹೋಗುವ ದಾರಿಯ ಒಂದು ಮೆಟ್ಟಿಲು.

ಪುಸ್ತಿಕೆಯಲ್ಲಿರುವುದು ಮೂರನೆಯ ಬಗೆ. ಇಲ್ಲಿ ಅವಧಿಯೆಂದರೆ ಅವಧಿಯೇ. ಅದು ಮುಗಿದ ದಿನ, ಸದರಿ ಕಾಯ್ದೆಯ 111ನೇ ಕಲಮಿನಂತೆ, ಯಾರ ನೋಟೀಸೂ ಇಲ್ಲದೆ ಹಕ್ಕು ತಾನಾಗಿಯೇ ಕೊನೆಗೊಳ್ಳುತ್ತದೆ. ಕಟ್ಟಡವನ್ನು ನೆಲದ ಒಡೆಯರಿಗೆ ಮರಳಿ ಒಪ್ಪಿಸಬೇಕಾಗುತ್ತದೆ. ಘೋಣಸಗಿಯ ಹಿರಿಯರಿಗೆ ನಾನು ವಿವರಿಸಿದ್ದು ಅವರ ಮಾತಿನಲ್ಲಿಯೇ: "ಇದು ಹೊಲ ಖರೀದಿ ಅಲ್ರಿ, ಲಾವಣಿ." ಹತ್ತು ವರ್ಷಕ್ಕೆ ಲಾವಣಿ ಹಾಕಿಕೊಂಡ ಹೊಲಕ್ಕೆ ಯಾವ ರೈತನೂ ಖರೀದಿಯ ದರ ಕೊಡುವುದಿಲ್ಲ. ಅದರಲ್ಲಿ ಹೊಸ ದ್ರಾಕ್ಷಿ ಪಡ ನೆಡುವ ಮುನ್ನವಂತೂ ಹತ್ತು ಸಲ ಯೋಚಿಸುತ್ತಾನೆ. ಇದೇ ಎಚ್ಚರ ನಗರದ ಕಟ್ಟಡದ ಮುಂದೆ ನಿಂತಾಗ ನಮ್ಮನ್ನು ಬಿಟ್ಟುಹೋಗುವುದೇಕೆ?

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಓದುಗರು ಬಡ್ಡಿಯ ಲೆಕ್ಕದಲ್ಲಿ ಪಳಗಿದವರು. ಆದರೆ ಈ ಲೆಕ್ಕದಲ್ಲಿ ಒಂದು ಮರೆಮಾಚು ಇದೆ. 30 ಲಕ್ಷ ರೂಪಾಯಿಗೆ ವರ್ಷಕ್ಕೆ 2 ಲಕ್ಷ 40 ಸಾವಿರ ಬಾಡಿಗೆ ಬಂದರೆ ಶೇಕಡಾ 8 ಎಂಬುದು ನಿಜ. ಆದರೆ ಬ್ಯಾಂಕಿನ ಠೇವಣಿಯಲ್ಲಿ ಮುದ್ದತ್ತು ಮುಗಿದಾಗ ಅಸಲು ಮರಳಿ ಬರುತ್ತದೆ. ಇಲ್ಲಿ ಅಸಲು ಮರಳುವುದಿಲ್ಲ. ಆದ್ದರಿಂದ ಬರುವ ಬಾಡಿಗೆಯಲ್ಲಿ ಒಂದು ಭಾಗ ಲಾಭ, ಇನ್ನೊಂದು ಭಾಗ ನಮ್ಮದೇ ಅಸಲು ಕಂತಿನಲ್ಲಿ ವಾಪಸಾಗುವುದು. ಉಳಿದ ಅವಧಿ ಹನ್ನೆರಡೂವರೆ ವರ್ಷವಿದ್ದರೆ, ಅಷ್ಟು ವರ್ಷ ಒಂದು ತಿಂಗಳೂ ಖಾಲಿ ಬೀಳದೆ ಬಾಡಿಗೆ ಬಂದರೂ ಕೊಟ್ಟ 30 ಲಕ್ಷವಷ್ಟೇ ಕೈಸೇರುತ್ತದೆ. ಆಗ ನಿಜವಾದ ಗಳಿಕೆ ಸೊನ್ನೆ. ಉಳಿದ ಅವಧಿ 15 ವರ್ಷವಾದರೆ ಗಳಿಕೆ ವರ್ಷಕ್ಕೆ ಸುಮಾರು ಶೇಕಡಾ 2.4. ಅದೇ 29 ವರ್ಷವಾದರೆ ಸುಮಾರು ಶೇಕಡಾ 6.8. ಮೂರಕ್ಕೂ ಪುಸ್ತಿಕೆಯಲ್ಲಿ ಮುದ್ರಿಸಬಹುದಾದ ಅಂಕಿ ಒಂದೇ: ಶೇಕಡಾ 8!

ಬಾಡಿಗೆ ಏರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಏರಬಹುದು. ಮೂರು ವರ್ಷಕ್ಕೊಮ್ಮೆ ಶೇಕಡಾ 15ರಷ್ಟು ಹೆಚ್ಚಿಸುವ ಪದ್ಧತಿ ಕಚೇರಿ ಬಾಡಿಗೆಗಳಲ್ಲಿ ಸಾಮಾನ್ಯವಾಗಿದೆ. ಹಾಗೆ ಪ್ರತಿ ಬಾರಿಯೂ ತಪ್ಪದೆ ಏರಿದರೆ, ಅದೇ 15 ವರ್ಷದ ಗುತ್ತಿಗೆಯಲ್ಲಿ ಒಟ್ಟು ಸುಮಾರು 48 ಲಕ್ಷ 50 ಸಾವಿರ ಬರುತ್ತದೆ, ಗಳಿಕೆ ಸುಮಾರು ಶೇಕಡಾ 6ಕ್ಕೆ ಏರುತ್ತದೆ. ಅಂದರೆ ಲಾಭದ ಬಹುಪಾಲು ನಿಂತಿರುವುದು ಇಂದಿನ ಬಾಡಿಗೆಯ ಮೇಲಲ್ಲ, ಮುಂದೆ ಏರಬಹುದಾದ ಬಾಡಿಗೆಯ ಮೇಲೆ. ತೆರಿಗೆ, ನಿರ್ವಹಣಾ ವೆಚ್ಚ, ನೆಲಬಾಡಿಗೆ, ಬಾಡಿಗೆದಾರ ಬಿಟ್ಟುಹೋದಾಗ ಖಾಲಿ ಉಳಿಯುವ ತಿಂಗಳುಗಳು, ಇವು ಯಾವುದನ್ನೂ ನಾನಿನ್ನೂ ಕಳೆದಿಲ್ಲ.

ನಡುವೆ ಮಾರಿಬಿಡುತ್ತೇವೆ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. ಹತ್ತು ವರ್ಷ ಅನುಭವಿಸಿ ಮಾರಲು ಹೊರಟಾಗ ಕೊಳ್ಳುವವನು ಇದೇ ಲೆಕ್ಕವನ್ನು ಇನ್ನೂ ಕಡಿಮೆ ವರ್ಷಗಳ ಮೇಲೆ ಹಾಕುತ್ತಾನೆ. ಸಾಲ ಕೊಡುವ ಬ್ಯಾಂಕೂ ಉಳಿದ ಅವಧಿಯನ್ನು ನೋಡಿಯೇ ಮುಂದುವರಿಯುತ್ತದೆ. ಜೊತೆಗೆ ನೆಲದ ಒಡೆಯರ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ ಗುತ್ತಿಗೆದಾರನು ತನ್ನ ಹಕ್ಕನ್ನು ಮಾರಬಹುದು, ಒತ್ತೆ ಇಡಬಹುದು, ಉಪಗುತ್ತಿಗೆ ಕೊಡಬಹುದು ಎಂಬುದು ಸಾಮಾನ್ಯ ನಿಯಮ. ಆದರೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಕರಾರೇ ಮೇಲು. ಬಹುತೇಕ ದೊಡ್ಡ ಗುತ್ತಿಗೆಗಳಲ್ಲಿ ಬೇರೆಯೇ ಬರೆದಿರುತ್ತದೆ: ಲಿಖಿತ ಒಪ್ಪಿಗೆ ಬೇಕು, ವರ್ಗಾವಣೆ ಶುಲ್ಕ ಕಟ್ಟಬೇಕು, ಕೆಲವೊಮ್ಮೆ ಏರಿದ ಬೆಲೆಯಲ್ಲಿ ಪಾಲನ್ನೂ ಕೊಡಬೇಕು.

ಈ ಕೊನೆಯದು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಮುಂಬಯಿಯ ನರಿಮನ್ ಪಾಯಿಂಟಿನ ಏರ್ ಇಂಡಿಯಾ ಕಟ್ಟಡವೇ ಸಾಕ್ಷಿ. ಕಡಲತಡಿಯ ಆ ಹೆಸರಾಂತ ಕಚೇರಿ ಕಟ್ಟಡ ನಿಂತಿರುವುದು ಮಹಾರಾಷ್ಟ್ರ ಸರ್ಕಾರದಿಂದ ಗುತ್ತಿಗೆಗೆ ಪಡೆದ ನೆಲದ ಮೇಲೆ. 2024ರ ಮಾರ್ಚ್ ತಿಂಗಳಲ್ಲಿ ಅದನ್ನು 1,601 ಕೋಟಿ ರೂಪಾಯಿಗೆ ಮಹಾರಾಷ್ಟ್ರ ಸರ್ಕಾರಕ್ಕೇ ವರ್ಗಾಯಿಸಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಅನರ್ಜಿತ ಆದಾಯ, ಅಂದರೆ ಏರಿದ ಬೆಲೆಯಲ್ಲಿ ನೆಲದ ಒಡೆಯನಿಗೆ ಸಲ್ಲಬೇಕಾದ ಪಾಲು, ಮತ್ತು ಅದರ ಮೇಲಿನ ಬಾಕಿ ಸೇರಿ 298.42 ಕೋಟಿ ರೂಪಾಯಿಯನ್ನು ಆ ಸರ್ಕಾರ ಆಗ ಬಿಟ್ಟುಕೊಟ್ಟಿತು. ಕೊಳ್ಳುವವರೂ ನೆಲದ ಒಡೆಯರೂ ಒಬ್ಬರೇ ಆಗಿದ್ದರಿಂದ, ಮಾರುವವರೂ ಸರ್ಕಾರದ ಕಡೆಯವರೇ ಆಗಿದ್ದರಿಂದ ಇದು ಸಾಧ್ಯವಾಯಿತು. 30 ಲಕ್ಷದ ಒಂದು ಕೋಣೆಯನ್ನು ಮಾರಲು ಹೊರಟ ನಮ್ಮ ಘೋಣಸಗಿಯ ಹಿರಿಯರಿಗೆ ಯಾರು ಬಿಟ್ಟುಕೊಡುತ್ತಾರೆ?

ನೆಲದ ಒಡೆಯರು ಯಾರು ಎಂಬುದಕ್ಕೆ ತಕ್ಕಂತೆ ನಿಯಮಗಳೂ ಬದಲಾಗುತ್ತವೆ. ಪಾಲಿಕೆಯ ಆಸ್ತಿಯಾದರೆ ಪಾಲಿಕೆಯ ಠರಾವು, ಬೇಕಾದಲ್ಲಿ ಸರ್ಕಾರದ ಮಂಜೂರಾತಿ ನೋಡಬೇಕು. ದೇವಸ್ಥಾನ, ಮಠಗಳ ಆಸ್ತಿಗೆ ಬೇರೆ ಅನುಮತಿಗಳುಂಟು. ವಕ್ಫ್ ಆಸ್ತಿಯ ಗುತ್ತಿಗೆಗೆ 30 ವರ್ಷಗಳ ಮಿತಿ ಇದೆ. ದಾಖಲೆಯ ಒಂದು ಕಾಲಂ ಎಷ್ಟು ಕಳವಳ ಹುಟ್ಟಿಸಬಲ್ಲದು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ತಿಕೋಟಾ ತಾಲೂಕಿನ ಹೊನವಾಡದ ಹೊಲಗಳ ವಿಷಯ ರಾಜ್ಯದ ತುಂಬ ಸುದ್ದಿಯಾಗಿ, ಕೊನೆಗೆ ನೋಟೀಸುಗಳನ್ನು ಹಿಂಪಡೆಯಲು ಸರ್ಕಾರ ಸೂಚಿಸಬೇಕಾಯಿತು. ನಮ್ಮ ಊರಿನ ಉತಾರವನ್ನೇ ಇಷ್ಟು ಎಚ್ಚರದಿಂದ ಓದಬೇಕಾದ ಕಾಲದಲ್ಲಿ, ಪರಸ್ಥಳದ ಕಟ್ಟಡದ ಸಿಟಿ ಸರ್ವೆ ಉತಾರವನ್ನೂ ಮೂಲ ಗುತ್ತಿಗೆ ಪತ್ರವನ್ನೂ ನೋಡದೆ ಹಣ ಕಟ್ಟುವುದು ವ್ಯಾಪಾರಸ್ಥನಿಗೆ ಒಪ್ಪುವ ಕೆಲಸವಲ್ಲ.

ನವೀಕರಣದ ಬಗ್ಗೆಯೂ ಎರಡು ಮಾತು. ಹಳೆಯ ಕಟ್ಟಡವನ್ನು ದುರಸ್ತಿಗೊಳಿಸಿ ಕಚೇರಿ ಮಾಡುವುದು ವಿಜಯಪುರದವರಿಗೆ ಹೊಸ ಸಂಗತಿಯಲ್ಲ. 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ಬಂದಾಗ, ಮುಂಬಯಿ ಸರ್ಕಾರದವರು ಅರಕಿಲ್ಲೆಯೊಳಗಿನ ಆದಿಲಶಾಹಿ ಅರಮನೆಗಳನ್ನೇ ರಿಪೇರಿ ಮಾಡಿಸಿ ಆಡಳಿತಕ್ಕೆ ಬಳಸಿಕೊಂಡರು. ಚಿನಿ ಮಹಲಿನಲ್ಲಿ ಸರ್ಕಾರಿ ಕಚೇರಿಗಳು ಕುಳಿತವು, ಅದಾಲತ್ ಮಹಲು ಕಲೆಕ್ಟರರ ನಿವಾಸವಾಯಿತು. ಗೋಳಗುಮ್ಮಟದ ಮುಂದಿನ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅರಮನೆಗಳ ಅಂದಕ್ಕೆ ಅದರಿಂದ ಏನಾಯಿತೆಂಬುದು ಬೇರೆ ಮಾತು. ಲೆಕ್ಕದ ದೃಷ್ಟಿಯಿಂದ ಮಾತ್ರ ಆ ಕೆಲಸ ಸರಿಯಾಗಿತ್ತು: ದುರಸ್ತಿಗೆ ಖರ್ಚು ಮಾಡಿದವರೂ ಒಡೆಯರೂ ಒಬ್ಬರೇ, ಹಾಕಿದ ಹಣ ಅವರ ಆಸ್ತಿಯಲ್ಲಿಯೇ ಉಳಿಯಿತು.

ಗುತ್ತಿಗೆಯ ಕಟ್ಟಡದಲ್ಲಿ ಹಾಗಲ್ಲ. ಗೋಡೆ, ಛಾವಣಿ, ನೆಲಹಾಸು, ಲಿಫ್ಟಿನ ಗುಂಡಿ, ಒಳಚರಂಡಿ ಇವುಗಳ ಮೇಲಿನ ಖರ್ಚೆಲ್ಲ ಕೊನೆಗೆ ಒಡೆಯರ ಪಾಲು. ಬಿಚ್ಚಿ ಒಯ್ಯಬಹುದಾದ ಸಾಮಾನುಗಳನ್ನು ಸ್ವಾಧೀನ ಬಿಡುವ ಮುನ್ನ, ಕಟ್ಟಡಕ್ಕೆ ಧಕ್ಕೆಯಾಗದಂತೆ, ಒಯ್ಯಬಹುದಷ್ಟೇ. ಆದ್ದರಿಂದ ನವೀಕರಣದ ವೆಚ್ಚವನ್ನು ಉಳಿದ ವರ್ಷಗಳಲ್ಲಿ ಹಂಚಿ ನೋಡಬೇಕು. ಇನ್ನೊಂದು ಸಂಗತಿ: ಸುಣ್ಣಬಣ್ಣ, ಗಾಜು, ಹುಸಿ ಛಾವಣಿ ಇವು ಕಣ್ಣಿಗೆ ಕಾಣುವಂಥವು. ಕಂಬಗಳೊಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೇ, ಮಾಳಿಗೆ ಸೋರುತ್ತದೆಯೇ, ವಿದ್ಯುತ್ ತಂತಿಗಳನ್ನು ಬುಡದಿಂದ ಬದಲಿಸಿದ್ದಾರೆಯೇ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಹೊಸ ವಿಂಗಡಣೆಗೆ ಸಿಕ್ಕಿದೆಯೇ ಎಂಬುದು ಕಾಣುವುದಿಲ್ಲ. ಒಂದು ಮಹಡಿಯನ್ನು ಹತ್ತು ಕೋಣೆ ಮಾಡಿದಾಗ ಹೊರದಾರಿಗಳು ಸಾಲುತ್ತವೆಯೇ? ವಾಹನ ನಿಲುಗಡೆ? ಸ್ವತಂತ್ರ ಇಂಜಿನಿಯರರೊಬ್ಬರನ್ನು ಒಂದು ದಿನಕ್ಕೆ ಕರೆದೊಯ್ಯುವ ಖರ್ಚು, 30 ಲಕ್ಷದ ಮುಂದೆ, ಹಮಾಲಿ ಕೂಲಿಯಷ್ಟೂ ಅಲ್ಲ.

ಬಾಡಿಗೆಯ ಖಾತ್ರಿ ಕೊಡುತ್ತೇವೆ ಎಂಬ ಮಾತನ್ನು ಕೇಳಿದಾಗ, ಖಾತ್ರಿ ಕೊಡುವವರು ಯಾರು ಎಂದು ಮೊದಲು ಕೇಳಬೇಕು. ಕಟ್ಟಡದಲ್ಲಿ ಕುಳಿತಿರುವ ನಿಜವಾದ ಬಾಡಿಗೆದಾರರೋ, ಅಥವಾ ಕೋಣೆಯನ್ನು ಮಾರುತ್ತಿರುವ ಸಂಸ್ಥೆಯೋ? ಮಾರುವವರೇ ಖಾತ್ರಿ ಕೊಟ್ಟಾಗ, ಮೊದಲ ಎರಡು ಮೂರು ವರ್ಷದ ಬಾಡಿಗೆಯನ್ನು ನಮ್ಮಿಂದ ಪಡೆದ ಹೆಚ್ಚಿನ ಬೆಲೆಯಿಂದಲೇ ತೆಗೆದು ನಮಗೆ ಕೊಡುವುದಕ್ಕೆ ಅಡ್ಡಿಯೇನಿಲ್ಲ. ಬ್ಯಾಂಕು, ವಿಮಾ ಕಂಪನಿಗಳಂತಹ ಬಾಡಿಗೆದಾರರಿದ್ದರೂ, ಬಿಟ್ಟುಹೋಗುವ ಸ್ವಾತಂತ್ರ್ಯ ಅವರಿಗೆ ಎಂದಿನಿಂದ ಇದೆ ಎಂಬುದನ್ನು ಕರಾರಿನಲ್ಲಿ ಓದಬೇಕು.

ಜಿ.ಎಸ್.ಟಿ. ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ವಾಣಿಜ್ಯ ಕಟ್ಟಡದ ಬಾಡಿಗೆಗೆ ಶೇಕಡಾ 18 ತೆರಿಗೆ ಇದೆ. ನೋಂದಣಿಯಿಲ್ಲದ ಮಾಲೀಕರಿಂದ ನೋಂದಾಯಿತ ವ್ಯಾಪಾರಸ್ಥರು ಬಾಡಿಗೆಗೆ ಪಡೆದರೆ, 2024ರ ಅಕ್ಟೋಬರ್ 10ರಿಂದ, ತೆರಿಗೆ ಕಟ್ಟುವ ಹೊಣೆ ಬಾಡಿಗೆದಾರರ ಮೇಲೆ ಬಂದಿದೆ. ರಾಜಿ ತೆರಿಗೆ ಪದ್ಧತಿಯ ಸಣ್ಣ ವ್ಯಾಪಾರಸ್ಥರಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ದೊರೆತಿದೆ. ಗುತ್ತಿಗೆ ಹಕ್ಕನ್ನೇ ಇನ್ನೊಬ್ಬರಿಗೆ ವಹಿಸಿಕೊಟ್ಟಾಗಲೂ ಶೇಕಡಾ 18 ಕಟ್ಟಬೇಕೆಂದು ಅಧಿಕಾರಿಗಳು ಕೇಳತೊಡಗಿದಾಗ, ನಮ್ಮಂತಹದೇ ಒಂದು ವಾಣಿಜ್ಯ ಸಂಸ್ಥೆ, ಗುಜರಾತ್ ಚೇಂಬರ್ ಆಫ್ ಕಾಮರ್ಸ್, ನ್ಯಾಯಾಲಯದ ಮೆಟ್ಟಿಲೇರಿತು. ಕೈಗಾರಿಕಾ ನಿವೇಶನದ ಗುತ್ತಿಗೆ ಹಕ್ಕನ್ನು ಕಟ್ಟಡಸಹಿತ ಮೂರನೆಯವರಿಗೆ ವಹಿಸಿಕೊಡುವುದು ಸ್ಥಿರಾಸ್ತಿಯ ವರ್ಗಾವಣೆ, ಅದರ ಮೇಲೆ ಈ ತೆರಿಗೆ ಸಲ್ಲದು ಎಂದು ಗುಜರಾತ್ ಉಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ತೀರ್ಪಿತ್ತಿತು. ಬೇರೆ ರಾಜ್ಯದ ತೀರ್ಪನ್ನು ನೆಚ್ಚಿ ಇಲ್ಲಿ ವ್ಯವಹಾರ ಮಾಡುವ ಮುನ್ನ ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿರಿ.

ಕಚೇರಿ ಬಾಡಿಗೆಯ ವರಮಾನವೇ ಬೇಕೆಂದರೆ ಇಂದು ಬೇರೆ ದಾರಿಗಳೂ ತೆರೆದಿವೆ. 2019ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಎಂಬೆಸಿ ಆಫೀಸ್ ಪಾರ್ಕ್ಸ್ ಷೇರುಪೇಟೆಗೆ ಬಂದು, ಕಚೇರಿ ಕಟ್ಟಡಗಳ ಹೂಡಿಕೆ ಟ್ರಸ್ಟು ನಮ್ಮ ದೇಶದಲ್ಲಿ ಮೊದಲಾಯಿತು. 2024ರ ಮಾರ್ಚ್‌ನಲ್ಲಿ ಸೆಬಿಯು 50 ಕೋಟಿಯಿಂದ 500 ಕೋಟಿ ರೂಪಾಯಿವರೆಗಿನ ಸಣ್ಣ ಟ್ರಸ್ಟುಗಳಿಗೂ ನಿಯಮ ರೂಪಿಸಿತು. ಕನಿಷ್ಠ ಹೂಡಿಕೆ 10 ಲಕ್ಷ ರೂಪಾಯಿ. ಆಸ್ತಿಯ ಶೇಕಡಾ 95ರಷ್ಟಾದರೂ ಪೂರ್ಣಗೊಂಡು ಬಾಡಿಗೆ ತರುತ್ತಿರಬೇಕು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಕಚೇರಿ ಕಟ್ಟಡಕ್ಕಾಗಿ ಪ್ರಾಪ್‌ಷೇರ್ ಪ್ಲಾಟಿನಾ ಎಂಬ ಮೊದಲ ಸಣ್ಣ ಟ್ರಸ್ಟು 353 ಕೋಟಿ ರೂಪಾಯಿ ಸಂಗ್ರಹಿಸಿತು. ಇವುಗಳಲ್ಲಿ ನಷ್ಟವೇ ಇಲ್ಲವೆಂದಲ್ಲ. ಆದರೆ ಕಟ್ಟಡದ ಮೌಲ್ಯಮಾಪನ, ಬಾಡಿಗೆದಾರರ ವಿವರ, ಹಕ್ಕಿನ ಸ್ವರೂಪ ಇವನ್ನೆಲ್ಲ ಬರೆದು ಬಹಿರಂಗಪಡಿಸಲೇಬೇಕಾದ ಕಟ್ಟುಪಾಡು ಅಲ್ಲಿದೆ. ನುಣುಪು ಕಾಗದದ ಪುಸ್ತಿಕೆಗೆ ಅಂತಹ ಕಟ್ಟುಪಾಡಿಲ್ಲ.

ಈ ಕೊರತೆಯನ್ನು ತುಂಬಲು ನಮ್ಮ ಸಂಸ್ಥೆಯೇ ಒಂದು ಸಣ್ಣ ಕೆಲಸ ಮಾಡಬಹುದೆಂದು ನನ್ನ ಸೂಚನೆ. ಗುತ್ತಿಗೆ ಆಸ್ತಿಯ ಯೋಜನೆಗಳನ್ನು ಹೊತ್ತು ಬರುವವರು ನಮ್ಮ ಸಭಾಗೃಹದಲ್ಲಿ ಸಭೆ ನಡೆಸಲು ಆಗಾಗ ಅನುಮತಿ ಕೇಳುತ್ತಾರೆ. ನಾವೂ ಚಹಾ ಉಪಹಾರದೊಂದಿಗೆ ಕೊಡುತ್ತೇವೆ. ಇನ್ನು ಮುಂದೆ ಅನುಮತಿಗೆ ಮುನ್ನ ಒಂದು ಪುಟದ ಹೇಳಿಕೆಯನ್ನು ಕೇಳಿ ಪಡೆಯೋಣ: ನೆಲದ ಒಡೆಯರು ಯಾರು, ಮೂಲ ಗುತ್ತಿಗೆ ಆರಂಭವಾದ ದಿನ ಯಾವುದು, ಮುಗಿಯುವ ದಿನ ಯಾವುದು, ವರ್ಗಾವಣೆಗೆ ಯಾರ ಒಪ್ಪಿಗೆ ಮತ್ತು ಎಷ್ಟು ಶುಲ್ಕ, ಇಂದು ಕುಳಿತಿರುವ ಬಾಡಿಗೆದಾರರು ಯಾರು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇದನ್ನು ಕೊಡಲೊಲ್ಲದವರಿಗೆ ಸಭಾಗೃಹ ಕೊಡಬೇಕಾದ ಅಗತ್ಯ ನಮಗಿಲ್ಲ. ಇದರಿಂದ ಬಾಡಿಗೆಯ ಒಂದೆರಡು ಸಾವಿರ ಕೈತಪ್ಪಬಹುದೆಂದು ಖಜಾಂಚಿಗಳು ಆಕ್ಷೇಪಿಸಿಯಾರು. ಆ ಮಾತನ್ನು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಚರ್ಚಿಸಲು ನಾನು ಸಿದ್ಧನಿದ್ದೇನೆ.

ಘೋಣಸಗಿಯ ಹಿರಿಯರು ಇನ್ನೂ ಹಣ ಕಟ್ಟಿಲ್ಲ, ಬೇಡವೆಂದೂ ಹೇಳಿಲ್ಲ. 22 ಲಕ್ಷಕ್ಕೆ ಬಂದರೆ ನೋಡೋಣ ಎಂಬಲ್ಲಿಗೆ ಬಂದಿದ್ದಾರೆ. ಮೂಲ ಗುತ್ತಿಗೆ ಪತ್ರದ ಪ್ರತಿ ಕಳಿಸಿರೆಂದು ಕಂಪನಿಗೆ ನೋಂದಾಯಿತ ಅಂಚೆಯಲ್ಲಿ ಬರೆದಿದ್ದಾರೆ. ಪ್ರತಿನಿಧಿಯು ವಾರಕ್ಕೆರಡು ಬಾರಿ ಫೋನ್ ಮಾಡಿ, ಕೋಣೆಗಳು ಮುಗಿಯುತ್ತ ಬಂದಿವೆ ಎಂದು ಹೇಳುತ್ತಿದ್ದಾನಂತೆ. ಪ್ರತಿ ಇನ್ನೂ ಬಂದಿಲ್ಲ.